ಸಮುದ್ರದ ಕೋಡಿ

ಧಾರೇಶ್ವರ
11-7-1979

ಅಣ್ಣನಿಗೆ ಲಕ್ಷ್ಮಿಯ ನಮಸ್ಕಾರ.

ಅವ್ವ ಸಿಕ್ಕಿದಳು. ಗಾಬರಿ ಬೇಡ. ಮೈಗೆ ಏನೂ ಆಗಿಲ್ಲ, ಕಾಲು ಸ್ವಲ್ಪ ಊದಿದೆ ಅಷ್ಟೆ. ಬಿಸಿನೀರು ಹಾಕಿ ಮಲಗಿಸಿದ್ದೇನೆ. ನಮ್ಮ ಮನೆಯವರು ನಿನ್ನೆ ಕೊಟ್ಟ ತಂತಿ ನಿನ್ನ ಕೈ ಸೇರಿರುತ್ತದೆ. ಇನ್ನು ನೀನು ಹೊರಟು ಬರಬೇಕಾಗಿಲ್ಲ. ಮಳೆ ಬಿಟ್ಟೇ ಇಲ್ಲ. ಕಾರ್ಡಿನಲ್ಲಿ ಜಾಗ ಸಾಲದು, ವಿವರ ಆಮೇಲೆ ಬರೆಯುತ್ತೇನೆ. ಅತ್ತಿಗೆಯನ್ನೂ ಮಕ್ಕಳನ್ನೂ ಕೇಳಿದೆ ಎಂದು ಹೇಳು.

ಮಹಾಲಕ್ಷ್ಮಿ

*

ತುಮಕೂರು
17-7-1979

ಲಕ್ಷ್ಮಿ,

ನಿನ್ನ ಕಾರ್ಡು ಶನಿವಾರ ಹುತ್ರಿದುರ್ಗಕ್ಕೆ ಬಂತು. ಅಕ್ಷರವೆಲ್ಲ ಮಳೆಗೆ ಕದಡಿತ್ತು. ಅವ್ವ ಸಿಕ್ಕಿದಳು ಎಂದು ಬರೆದಿದ್ದೀಯ. ಅವ್ವ ಕಳೆದದ್ದು ಯಾವಾಗ? ಆಗಿನ್ನೂ ನಮಗೆ ಯಾವ ತಂತಿಯೂ ಬಂದಿರಲಿಲ್ಲ. ಅದು ‘ಸಿಕ್ಕಿದಳು’ ಅಲ್ಲ, ‘ಸೊರಗಿದಳು’ ಇರಬೇಕು ಎಂದು ನಿಮ್ಮ ಅತ್ತಿಗೆ ವಾದ ಮಾಡಿದಳು. ವಯಸ್ಸಾಯಿತು, ಸೊರಗಿರಬಹುದು ಎಂದು ನಾನೂ ಸಮಾಧಾನ ಮಾಡಿಕೊಂಡೆ.

ಸೋಮವಾರ ತಂತಿ ಬಂತು. ತಾಯಿ ಕಾಣೆಯಾಗಿದ್ದಾರೆ, ಕೂಡಲೇ ಹೊರಡಿ ಎಂದಿದೆ ಅಂತ ಪೋಸ್ಟ್ ಮೇಷ್ಟ್ರು ಓದಿ ಹೇಳಿದರು. ಹಾಗಾದರೆ ಸಿಕ್ಕಿದ ಮೇಲೆ ಮತ್ತೆ ಕಾಣೆಯಾದಳೇ? ತಂತಿ ಮೊದಲೋ ಕಾರ್ಡು ಮೊದಲೋ ಒಂದೂ ತಿಳಿಯದೆ ಉಟ್ಟ ಬಟ್ಟೆಯಲ್ಲೇ ಹೊರಟು ಬಂದೆ. ಇಲ್ಲಿ ನೋಡಿದರೆ ಘಟ್ಟದಲ್ಲಿ ಮಣ್ಣು ಕುಸಿದು ಬಸ್ಸುಗಳು ನಿಂತಿವೆ. ಇಲ್ಲಿರುವ ನನ್ನ ಗೆಳೆಯ ಅಂಜನಮೂರ್ತಿಯ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ‘ಸುಮ್ನೆ ಊರಿಗೆ ವಾಪಸ್ ಹೋಗು ಕಣೋ, ಸಿಕ್ಕವ್ರೆ ಅಂತ ಬರ್ದವ್ರಲ್ಲ’ ಅನ್ನುತ್ತಾನೆ ಅವನು. ಹೋದರೂ ಕಷ್ಟ, ಇದ್ದರೂ ಕಷ್ಟ.

ಒಂದೇ ಒಂದು ಮಾತು ಬರೆ. ಅವ್ವ ಈಗ ಮನೆಯಲ್ಲಿದ್ದಾಳೋ ಇಲ್ಲವೋ? ಮಳೆ ಬಂದಾಗ ಬಾಗಿಲ ಕಡೆ ಯಾರಾದರೂ ಒಬ್ಬರು ಗಮನ ಇಟ್ಟಿರಿ. ಊರಿನ ವಿಳಾಸಕ್ಕೇ ಬರೆ.

ಅಂಜಿನಪ್ಪ

*

ಧಾರೇಶ್ವರ
21-7-1979

ಅಣ್ಣ,

ಅವ್ವ ಮನೆಯಲ್ಲೇ ಇದ್ದಾಳೆ. ನಾನು ಇದನ್ನು ಬರೆಯುವಾಗ ಒಲೆಯ ಮುಂದೆ ಕಾಲು ಚಾಚಿ ಕಾಯಿಸಿಕೊಳ್ಳುತ್ತಿದ್ದಾಳೆ. ಕಳೆದದ್ದೂ ಒಂದೇ ಸಲ, ಸಿಕ್ಕಿದ್ದೂ ಒಂದೇ ಸಲ. ಮಳೆಗೆ ತಂತಿ ಕಂಬಗಳು ಬಿದ್ದಿದ್ದವಂತೆ, ಅದಕ್ಕೇ ಮೊದಲು ಕೊಟ್ಟದ್ದು ಆಮೇಲೆ ಬಂದಿದೆ. ನಿನ್ನನ್ನು ಸುಮ್ಮನೆ ತುಮಕೂರಿನವರೆಗೆ ಅಲೆಸಿದಂತಾಯಿತು.

ನಡೆದದ್ದನ್ನೆಲ್ಲ ಬರೆಯುತ್ತೇನೆ. ನನಗೇ ಇನ್ನೂ ಸರಿಯಾಗಿ ಅರ್ಥವಾಗಿಲ್ಲ. ಬರೆದರೆ ನಿನಗಾದರೂ ಆದೀತು.

ಬೇಸಿಗೆಯಲ್ಲಿ ನೀನು ಅವ್ವನನ್ನು ಕರೆತಂದು ಬಿಟ್ಟುಹೋದಾಗ ಸಮುದ್ರ ಸಾಧುವಾಗಿತ್ತು. ಸಂಜೆ ಮರಳ ಮೇಲೆ ಕೂತು ‘ಒಳ್ಳೆ ಕೆರೆ ಕಣೇ’ ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು. ಮಳೆ ಹಿಡಿದ ಮೇಲೆ ಅವಳ ನೆಮ್ಮದಿ ಹೋಯಿತು. ನಮ್ಮ ಮನೆಯ ಹಿಂದಿನ ತೆಂಗಿನ ಸಾಲು ದಾಟಿದರೆ ನೀರೇ. ಅಲೆ ಬಡಿಯುವ ಸದ್ದು ಕೇಳಿದಾಗಲೆಲ್ಲ ‘ನೀರು ಏರ್ತಾ ಅದೆ, ಯಾರೂ ಎದ್ದೋಳಂಗಿಲ್ವಾ’ ಎಂದು ಗೊಣಗುತ್ತಿದ್ದಳು. ನಮ್ಮ ಮನೆಯವರು ಸ್ಕೂಲಿಗೆ ಹೊರಟರೆ ‘ಮೇಷ್ಟ್ರೇ, ಹಂಗೇ ಏರಿ ಕಡೆ ಒಂದ್ ಕಣ್ಣಾಕ್ಕೊಂಡು ಹೋಗಿ’ ಎನ್ನುವಳು.

ಆ ಮಂಗಳವಾರ ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದೆ. ಕೂಗಿದರೆ ಅವ್ವ ಓಗೊಡಲಿಲ್ಲ. ಗೂಟದ ಮೇಲೆ ಕಂಬಳಿ ಇಲ್ಲ, ಕೋಲೂ ಇಲ್ಲ. ಇವರು ಬಸ್ ರಸ್ತೆಯ ಕಡೆ ಓಡಿದರು, ನಾನು ದಡಕ್ಕೆ ಹೋದೆ. ಮಳೆ ಧೋ ಎಂದು ಸುರಿಯುತ್ತಿತ್ತು. ಚಪ್ಪರದಡಿ ದೋಣಿ ಕೆರೆಯುತ್ತಿದ್ದ ಒಬ್ಬರನ್ನು ಕೇಳಿದೆ. ‘ಕಂಬಳಿ ಹೊದ್ಕಂಡ ಅಜ್ಜಿಯಾ? ತೆಂಕ ಬದಿಗೆ ಹೋಯ್ತು, ಆಗಲೇ’ ಎಂದರು. ಆ ಕಡೆ ನಡೆದೆ. ಒಂದು ಕಡೆ ಮರಳಿನ ಮೇಲೆ ಅವ್ವನ ಹೆಜ್ಜೆಯ ಪಕ್ಕದಲ್ಲಿ ಕೋಲಿನ ಗುಳಿಗಳು ಕಂಡವು. ಅಷ್ಟರಲ್ಲಿ ಅಲೆ ಬಂದು ಅವೂ ಹೋದವು. ನಾನು ಓಡತೊಡಗಿದೆ.

ಕೆಂಪು ಬಂಡೆಗಳ ಆಚೆ, ಸರ್ವೆ ತೋಪು ಶುರುವಾಗುವಲ್ಲಿ ಸಿಕ್ಕಿದಳು. ಕಂಬಳಿ ಕೊಪ್ಪೆ ಹಾಕಿಕೊಂಡು, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಹೊಲಕ್ಕೆ ಹೋಗುವವಳ ಹಾಗೆ ನಡೆಯುತ್ತಿದ್ದಳು.

‘ಅವ್ವಾ, ಎಲ್ಲಿಗೆ ಹೊರಟೆ?’

‘ಕೋಡಿ ತಾವ.’

‘ಯಾವ ಕೋಡಿ?’

‘ಇಷ್ಟ್ ನೀರು ನಿಂತದೆ, ಹೊರಕ್ಕೆ ಹೋಗಕ್ಕೆ ಕೋಡಿ ಇಲ್ದೆ ಇದ್ದದಾ? ನೀನ್ಯಾಕ್ ಬಂದೆ ಲಕ್ಷ್ಮೀ, ಒಲೆ ಮ್ಯಾಲೆ ಏನಿಟ್ ಬಂದೆ?’

ನೋಡು, ನನ್ನ ಗುರುತು ಇತ್ತು, ಒಲೆಯ ನೆನಪಿತ್ತು. ಅದಕ್ಕೇ ನನಗೆ ಇನ್ನೂ ಗಲಿಬಿಲಿಯಾದದ್ದು. ಕೈ ಹಿಡಿದು ತಿರುಗಿಸಲು ಹೋದೆ. ಕಿತ್ತುಕೊಂಡಳು. ಆ ವಯಸ್ಸಿಗೆ ಎಲ್ಲಿಂದ ಬಂತೋ ಅಷ್ಟು ಬಲ!

‘ಬುಡು ಕೈಯ. ಏರಿ ಬಿರಿದ್ರೆ ಊರ್ಗೂರೇ ಕೊಚ್ಕೊಂಡ್ ಹೋಯ್ತದೆ. ಆಗ ಕೂತ್ಕೊಂಡು ಅಳ್ತೀಯಾ?’

ಬಯ್ದೆ, ಅತ್ತೆ, ಬೇಡಿದೆ. ಯಾವುದಕ್ಕೂ ನಿಲ್ಲಲಿಲ್ಲ. ಸ್ವಲ್ಪ ದೂರ ನಡೆದರೆ ಸುಸ್ತಾದಾಳು, ಆಗ ರಸ್ತೆಗೆ ಹೊರಳಿಸಿಕೊಂಡು ಬಸ್ಸು ಹಿಡಿದರಾಯಿತು ಎಂದುಕೊಂಡು ಜೊತೆಗೆ ನಡೆದೆ. ಸುಸ್ತಾದದ್ದು ನನಗೆ.

ಇಲ್ಲಿ ಮಳೆ ಬರುವುದು ಮೊದಲೇ ಕಾಣುತ್ತದೆ ಅಣ್ಣ. ನೀರಿನ ಮೇಲೆ ದೂರದಲ್ಲಿ ಬೆಳ್ಳಗಾಗುತ್ತದೆ, ಆಮೇಲೆ ಗಾಳಿ, ಆಮೇಲೆ ಮುಖಕ್ಕೆ ಹನಿ ಹೊಡೆಯುತ್ತದೆ. ನನ್ನ ಛತ್ರಿ ಮೊದಲ ಹೊಡೆತಕ್ಕೇ ಮಗುಚಿ ಕಡ್ಡಿ ಮುರಿಯಿತು. ಅವ್ವ ತನ್ನ ಕಂಬಳಿಯ ಅರ್ಧ ನನ್ನ ತಲೆಯ ಮೇಲೆ ಎಳೆದಳು. ಅದರೊಳಗೆ ನೆಂದ ಉಣ್ಣೆಯ ವಾಸನೆ, ಅವ್ವನ ಎಲೆಅಡಿಕೆ ವಾಸನೆ. ಒಂದೇ ಕಂಬಳಿಯಲ್ಲಿ ಇಬ್ಬರೂ ಎಷ್ಟೋ ಹೊತ್ತು ನಡೆದೆವು. ಒಣ ಮರಳಿನಲ್ಲಿ ಕಾಲು ಹೂತುಹೋಗುತ್ತಿತ್ತು. ‘ನೀರಿನ ಅಂಚಿಗೆ ಬಾ, ಅಲ್ಲಿ ಗಟ್ಟಿ ಅದೆ’ ಎಂದು ಅವಳೇ ದಾರಿ ತೋರಿದಳು. ಆಗಾಗ ನಿಂತು, ದಡದ ಇಳಿಜಾರಿಗೆ ಕೋಲು ಚುಚ್ಚಿ, ಬಗ್ಗಿ ನೋಡುವಳು. ‘ಇಲ್ಲಿ ಜಿನುಗ್ತಾ ಅದೆ’ ಎಂದು ತನಗೆ ತಾನೇ ಹೇಳಿಕೊಳ್ಳುವಳು.

ದಾರಿಯಲ್ಲಿ ಒಂದು ಹಳ್ಳ ಮರಳನ್ನು ಕೊಯ್ದುಕೊಂಡು ಸಮುದ್ರಕ್ಕೆ ಬೀಳುತ್ತಿತ್ತು. ಮೊಣಕಾಲುದ್ದ ನೀರು. ಅವ್ವ ದಡದಲ್ಲಿ ನಿಂತು ಅದು ಯಾವ ಕಡೆ ಹರಿಯುತ್ತಿದೆ ಎಂದು ನೋಡಿದಳು. ‘ಇದು ಒಳಕ್ ಬರೋದು. ನಮ್ಗೆ ಬೇಕಾದ್ದಲ್ಲ’ ಎಂದು ದಾಟಿಬಿಟ್ಟಳು.

ಅದರಾಚೆಯ ಕೇರಿಯಲ್ಲಿ ಒಬ್ಬ ಮೀನುಗಾರರ ಹೆಂಗಸು ನಮ್ಮನ್ನು ನೋಡಿ ಒಳಗೆ ಕರೆದಳು. ‘ಎಂತ ಮರಾಯ್ತಿ, ಈ ಮಳೆಯಲ್ಲಿ ಮುದುಕಿಯನ್ನ ಎಲ್ಲಿಗೆ ಕರ್ಕಂಡು ಹೊರಟದ್ದು?’ ಎಂದು ನನ್ನನ್ನೇ ಗದರಿದಳು. ಬಿಸಿ ಗಂಜಿ ಕೊಟ್ಟಳು. ಅವ್ವ ಉಂಡು, ಕೈ ತೊಳೆದು, ‘ನಿಮ್ಮೂರ ನೀರ್ಗಂಟಿ ಯಾರವ್ವ?’ ಎಂದು ಕೇಳಿದಳು. ಆ ಹೆಂಗಸಿಗೆ ತಿಳಿಯಲಿಲ್ಲ. ಕೆರೆ ನೀರು ಬಿಡುವವರು ಎಂದು ನಾನು ಹೇಳಿದೆ. ಅವಳು ಸಮುದ್ರದ ಕಡೆ ನೋಡಿ, ನನ್ನ ಕಡೆ ನೋಡಿ, ಇನ್ನೊಂದು ಸೌಟು ಗಂಜಿ ಹಾಕಿದಳು.

ಮಧ್ಯಾಹ್ನ ಕಳೆದ ಮೇಲೆ ಭೂಮಿ ಮುಗಿಯಿತು. ಮುಂದೆ ಹೊಳೆ. ಘಟ್ಟದ ಕೆಂಪು ನೀರೆಲ್ಲ ಹೊತ್ತು ತಂದು ಸಮುದ್ರಕ್ಕೆ ನುಗ್ಗುತ್ತಿದೆ, ಸಮುದ್ರ ಅದನ್ನು ಹಿಂದಕ್ಕೆ ನೂಕುತ್ತಿದೆ. ದೂರದಿಂದಲೇ ಅವ್ವ ‘ಅಗಾ ಕೋಡಿ!’ ಎಂದು ಓಡಿದಂತೆ ಹೋದಳು. ಹತ್ತಿರ ಹೋಗಿ ನಿಂತವಳ ಮುಖ ಸಣ್ಣಗಾಯಿತು.

‘ಇದೂ ಒಳಕ್ಕೇ ಬತ್ತದಲ್ಲೇ! ಎಲ್ಲಾ ಬರೋದೇ ಆಯ್ತು. ಹೋಗೋದೆಲ್ಲಿ?’

‘ಸಮುದ್ರಕ್ಕೆ ಕೋಡಿ ಇರಲ್ಲ ಅವ್ವ’ ಎಂದೆ.

ಹುಚ್ಚರನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಕೂತುಬಿಟ್ಟಳು. ‘ಮಾರ ಇನ್ನೂ ಬರ್ಲಿಲ್ವಾ?’ ಎಂದು ಕೇಳಿದಳು. ಯಾವ ಮಾರ ಎಂದರೆ ಹೊಳೆಯ ಕಡೆಗೇ ಕಣ್ಣು ನೆಟ್ಟಳು.

ಅಷ್ಟರಲ್ಲಿ ಆಚೆ ದಡದ ಮರಳ ದಿಬ್ಬದ ಮೇಲೆ ಯಾರೋ ಒಬ್ಬ ಗಂಡಸು ದೋಣಿಗೆ ಹಗ್ಗ ಕಟ್ಟುತ್ತಿದ್ದವನು ಎದ್ದು ಕೈ ಎತ್ತಿದ. ನಮಗೋ, ಹಕ್ಕಿ ಓಡಿಸಲೋ, ಮಳೆಯಲ್ಲಿ ಸರಿಯಾಗಿ ಕಾಣಲೂ ಇಲ್ಲ. ಅವ್ವ ಎದ್ದು ನಿಂತು ಕೋಲನ್ನು ಮೇಲಕ್ಕೆ ಎತ್ತಿದಳು.

‘ಬಂದ ಕಣೇ. ಆ ಕಡೆ ಭದ್ರವಾಗದೆ. ನಡಿ ಇನ್ನ.’

ಅಷ್ಟೆ. ದಿನವಿಡೀ ನನ್ನ ಮಾತು ಕೇಳದವಳು ಮಗುವಿನ ಹಾಗೆ ನನ್ನ ಕೈ ಹಿಡಿದು ರಸ್ತೆಗೆ ಬಂದಳು. ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು. ಮನೆಗೆ ಬಂದರೆ ಇವರು ಆಗಲೇ ಕುಮಟೆಗೆ ಹೋಗಿ ತಂತಿ ಕೊಟ್ಟು ಬಂದಿದ್ದರು.

ಈಗ ನೀನು ಹೇಳು. ಮಾರ ಎಂದರೆ ಯಾರು? ಅವ್ವನಿಗೆ ಅಲ್ಲಿ ಯಾರಾದರೂ ಏನಾದರೂ ಅಂದಿದ್ದರೇ? ಹೀಗೆ ನೀರಿನ ಕಡೆಗೇ ಹೋಗುವವರ ಮನಸ್ಸಿನಲ್ಲಿ ಬೇರೆಯೇ ಇರುತ್ತದೆ ಎಂದು ಇವರು ಹೇಳುತ್ತಾರೆ. ಕೋಡಿ ಪಾಡಿ ಎನ್ನುವುದೆಲ್ಲ ಮೇಲಿನ ಮಾತು, ಅವರಿಗೆ ಜೀವ ಬೇಸರವಾಗಿದೆ ಎನ್ನುತ್ತಾರೆ. ನನಗೆ ಭಯವಾಗಿದೆ. ಮಳೆ ಬಂದಾಗ ಬಾಗಿಲ ಕಡೆ ಗಮನ ಇಡಿ ಎಂದು ನೀನು ಯಾಕೆ ಬರೆದೆ?

ಮಹಾಲಕ್ಷ್ಮಿ

*

ಹುತ್ರಿದುರ್ಗ
30-7-1979

ಲಕ್ಷ್ಮಿ,

ಕಾಗದ ಓದಿದೆ. ಅವ್ವ ಸಾಯಲು ಹೋಗಿದ್ದಳು ಎಂಬ ಅರ್ಥ ಬರುವ ಹಾಗೆ ಬರೆಯಲು ನಿನಗೆ ಮನಸ್ಸಾದರೂ ಹೇಗೆ ಬಂತು? ಇಲ್ಲಿ ಅವಳಿಗೆ ಯಾರೂ ಏನೂ ಅಂದಿಲ್ಲ. ನಿಮ್ಮ ಅತ್ತಿಗೆ ಮೊದಲು ಅವಳಿಗೆ ಬಡಿಸಿ ಆಮೇಲೆ ತಾನು ಉಂಡವಳು. ಅವ್ವ ಇಲ್ಲಿದ್ದಾಗ ಚೆನ್ನಾಗಿಯೇ ಇದ್ದಳು. ಅಲ್ಲಿಯ ನೀರು ಗಾಳಿ ಒಗ್ಗಿಲ್ಲ ಅಷ್ಟೆ.

ಅಷ್ಟು ದೂರ ಮಳೆಯಲ್ಲಿ ನಡೆಸಿಕೊಂಡು ಹೋಗುವ ಬದಲು ನಾಲ್ಕು ಜನರನ್ನು ಕರೆದು ಎತ್ತಿಕೊಂಡಾದರೂ ಬರಬಾರದಿತ್ತೆ? ಅವಳ ಹಿಂದೆ ನೀನೂ ಹೋಗುವುದೆಂದರೆ ಏನು?

ಮಾರ ಯಾರೋ ನನಗೆ ಗೊತ್ತಿಲ್ಲ. ಬಾಗಿಲ ಮಾತು ಗಾಬರಿಯಲ್ಲಿ ಬರೆದದ್ದು. ರಾಗಿ ಪೈರು ಹಾಕುವ ಕಾಲ, ಪುರುಸೊತ್ತಿಲ್ಲ. ಸದಾಶಿವಯ್ಯ ಭಾವನವರಿಗೆ ನಮಸ್ಕಾರ ಹೇಳು.

ಅಂಜಿನಪ್ಪ

*

ಧಾರೇಶ್ವರ
7-8-1979

ಅಣ್ಣ,

ನಿನ್ನೆ ಸಂತೆಗೆ ಹೊರಟಾಗ ಬಾಗಿಲು ಎಳೆದುಕೊಂಡೆ. ಅವ್ವ ಒಳಗಿನಿಂದ ಓಡಿ ಬಂದು ಬಾಗಿಲಿಗೆ ಕೈ ಕೊಟ್ಟು ನಿಂತಳು. ‘ಅಂಜಿನಪ್ಪನಂಗೆ ನೀನೂ ಹೊರಗ್ಲಿಂದ ಚಿಲ್ಕ ಹಾಕ್ಬುಡಬ್ಯಾಡ ಕಣವ್ವ’ ಎಂದಳು.

ನಾನು ಸಂತೆಗೆ ಹೋಗಲಿಲ್ಲ.

ಅವ್ವನನ್ನು ಕೂಡಿಹಾಕುತ್ತಿದ್ದೆಯಾ? ಸಮುದ್ರ ನೋಡಲಿ ಎಂದು ಕರೆತಂದೆಯೋ, ಸಾಕಾಯಿತು ಎಂದು ತಂದು ಬಿಟ್ಟೆಯೋ? ಬೇರೆ ಏನೂ ಬರೆಯಬೇಡ. ಇದಕ್ಕೆ ಉತ್ತರ ಬರೆ.

ಮಹಾಲಕ್ಷ್ಮಿ

*

ಹುತ್ರಿದುರ್ಗ
24-9-1979

ಲಕ್ಷ್ಮಿ,

ತಡವಾಯಿತು. ಉತ್ತರ ಗೊತ್ತಾಗದೆ ಹೇಗೆ ಬರೆಯಲಿ?

ಹೌದು, ಚಿಲಕ ಹಾಕುತ್ತಿದ್ದೆವು. ಹೋದ ವರ್ಷದ ಮಳೆಯಿಂದ ಶುರುವಾದದ್ದು. ಮೋಡ ಕವಿದರೆ ಸಾಕು, ಅವ್ವ ಕೆರೆಯ ಕಡೆ ಹೊರಡುವಳು. ಒಂದು ಸಲ ತೂಬಿನ ಹತ್ತಿರ ಸೊಂಟದುದ್ದ ನೀರಿನಲ್ಲಿ ನಿಂತಿದ್ದಳು. ಗಾಳಿ ಸೋಕಿದೆ ಎಂದರು ಊರವರು. ತುಮಕೂರಿನ ಡಾಕ್ಟರು ವಯಸ್ಸಿನ ಮರೆವು, ಔಷಧಿ ಇಲ್ಲ ಎಂದರು. ನಿಮ್ಮ ಯಜಮಾನರು ಅಂದುಕೊಂಡದ್ದನ್ನೇ ನಾನೂ ಅಂದುಕೊಂಡಿದ್ದೆ. ನನ್ನ ಮನೆಯಲ್ಲಿ ಅವಳಿಗೆ ಬದುಕು ಬೇಡವಾಗಿದೆ ಎಂದು. ಅದನ್ನು ಅವಳನ್ನು ಕೇಳುವುದು ಹೇಗೆ? ನಿನಗೆ ಬರೆಯುವುದು ಹೇಗೆ? ಕೆರೆ ಇಲ್ಲದ ಊರು ಎಂದು ನಿನ್ನಲ್ಲಿಗೆ ಕರೆತಂದೆ. ಸಮುದ್ರವನ್ನೇ ಕೆರೆ ಅಂದುಕೊಳ್ಳುತ್ತಾಳೆ ಎಂದು ಯಾರಿಗೆ ಹೊಳೆಯುತ್ತದೆ, ಹೇಳು.

ನಿನ್ನ ಕಾಗದ ಬಂದ ಮೇಲೆ ಊಟ ಸೇರಲಿಲ್ಲ. ಪೈರಿನ ಕೆಲಸ ಮುಗಿಸಿ, ಗುಬ್ಬಿಗೆ ಹೋಗಿ, ಅಲ್ಲಿಂದ ಹಾಗಲವಾಡಿ ಬಸ್ಸು ಹಿಡಿದು ಅವ್ವನ ತವರಿಗೆ ಹೋದೆ. ಅಪ್ಪ ಇದ್ದಾಗ ಆ ಕಡೆ ತಲೆ ಹಾಕಿದವರಲ್ಲ ನಾವು. ಅವ್ವನ ದೊಡ್ಡಪ್ಪನ ಮಗ ರಂಗಯ್ಯ ಮಾವ ಇನ್ನೂ ಇದ್ದಾನೆ. ಕಣ್ಣು ಮಂಜು, ಕಿವಿ ಚೆನ್ನಾಗಿದೆ.

ಏರಿ ಒಡೆದು ಮಾರ ಎನ್ನುವವರು ಯಾರಾದರೂ ಕೊಚ್ಚಿ ಹೋಗಿದ್ದರಾ ಎಂದು ಕೇಳಿದೆ. ನಿನ್ನ ಕಾಗದ ಓದಿ ನನ್ನ ತಲೆಯಲ್ಲಿ ಅದೇ ತುಂಬಿತ್ತು. ಮಾವ ನಕ್ಕುಬಿಟ್ಟ.

‘ಏನ್ಲಾ ಹಂಗಂತೀಯ? ನಿಮ್ಮ ತಾತ ನೀರ್ಗಂಟಿಯಾಗಿರೋಗಂಟ ನಮ್ ಕೆರೆ ಏರೀಲಿ ಒಂದ್ ಹೆಗ್ಗಣದ ಬಿಲ ಇರ್ಲಿಲ್ಲ. ಒಡೆಯೋದೆಲ್ಲಿಂದ ಬಂತು?’

‘ತಾತ ನೀರ್ಗಂಟಿಯಾಗಿದ್ನಾ?’

‘ನಿಮ್ಗೆ ಯಾರೂ ಹೇಳಿಲ್ವಾ? ಜೋರ್ ಮಳೆ ಬಂದ್ರೆ ಮಕ್ಳಿಬ್ರುನ್ನೂ ಅಟ್ಟೋನು. ಚಿಕ್ಕಮಾರಯ್ಯ ಆ ತುದೀಲಿಂದ, ನಿಮ್ಮವ್ವ ನಿಂಗಿ ಈ ತುದೀಲಿಂದ. ಜಿನುಗೋದು ಕುಸಿಯೋದು ನೋಡ್ಕೊಂಡು ಬಂದು ಕೋಡಿ ತಾವ ಸೇರಬೇಕು. ಅವನು ಕೈ ಎತ್ತಿದ್ರೆ ಆ ಕಡೆ ಭದ್ರ, ಇವಳು ಕೈ ಎತ್ತಿದ್ರೆ ಈ ಕಡೆ ಭದ್ರ. ಆಮ್ಯಾಕೆ ಊರೆಲ್ಲಾ ಮನೀಕೊಳ್ಳೋದು.’

ಚಿಕ್ಕಮಾರಯ್ಯ ನಮ್ಮ ಸೋದರಮಾವ, ಲಕ್ಷ್ಮಿ. ನಾವು ಹುಟ್ಟುವ ಮೊದಲೇ ಜ್ವರ ಬಂದು ಹೋದನಂತೆ. ಅವ್ವನನ್ನು ಕೊಟ್ಟ ಮನೆ ದೊಡ್ಡದು, ಅಲ್ಲಿ ಈ ಮಾತು ಎತ್ತಬೇಡ ಎಂದು ತಾತನೇ ಹೇಳಿ ಕಳಿಸಿದ್ದನಂತೆ. ಅವಳು ಎತ್ತಲೇ ಇಲ್ಲ.

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಯೋಚನೆ ಮಾಡಿದೆ. ನಾವೆಲ್ಲ ಏನೇನೋ ಅಂದುಕೊಂಡೆವು. ಅವ್ವ ದುಃಖಕ್ಕೆ ಹೋದವಳಲ್ಲ, ನಮ್ಮ ಮೇಲಿನ ಕೋಪಕ್ಕೂ ಅಲ್ಲ. ಅವಳು ಕೆಲಸಕ್ಕೆ ಹೊರಟಿದ್ದಳು. ಕೆಲಸಕ್ಕೆ ಹೊರಟವಳನ್ನು ನಾನು ಕೂಡಿಹಾಕಿದೆ.

ಹಾಗಂತ ಬಿಟ್ಟರೆ ನೀರಿಗೆ ಬೀಳುತ್ತಾಳೆ. ಏನು ಮಾಡಬೇಕೆಂದು ಈಗಲೂ ತೋಚುತ್ತಿಲ್ಲ.

ಅಂಜಿನಪ್ಪ

*

ಧಾರೇಶ್ವರ
2-10-1979

ಅಣ್ಣ,

ನಿನ್ನ ಕಾಗದವನ್ನು ಇವರಿಗೆ ಓದಿ ಹೇಳಿದೆ.

ಆಮೇಲೆ ಅವ್ವನ ಪಕ್ಕ ಕೂತು ‘ನಿಮ್ಮಪ್ಪ ನೀರ್ಗಂಟಿಯಾ ಅವ್ವ?’ ಎಂದು ಕೇಳಿದೆ. ಸುತ್ತ ನೋಡಿದಳು. ದನಿ ತಗ್ಗಿಸಿ ‘ಯಾರ್ ಹೇಳಿದ್ರು ನಿಂಗೆ? ನಿಮ್ಮಪ್ಪುಂಗೆ ಗೊತ್ತಾಗದು ಬ್ಯಾಡ’ ಎಂದಳು. ಅಪ್ಪ ಹೋಗಿ ಎಷ್ಟು ವರ್ಷವಾಯಿತು! ನನಗೆ ನಗುವೂ ಬಂತು, ಅಳುವೂ ಬಂತು.

ನಿನಗೆ ಹಾಗೆಲ್ಲ ಬರೆಯಬಾರದಿತ್ತು. ಆದರೆ ಬರೆಯದಿದ್ದರೆ ನೀನು ಹಾಗಲವಾಡಿಗೆ ಹೋಗುತ್ತಿರಲಿಲ್ಲ.

ಅವ್ವನನ್ನು ಇಲ್ಲೇ ಇಟ್ಟುಕೊಳ್ಳಲು ನನಗೆ ಆಸೆ. ಆದರೆ ಮಳೆ ಜೋರಾದರೆ ಅವಳು ಮತ್ತೆ ಹೊರಡುತ್ತಾಳೆ. ಇಲ್ಲಿಯ ಏರಿಗೆ ಕೊನೆಯೇ ಇಲ್ಲ. ಪ್ರತಿ ಸಲ ಆಚೆ ದಡದಲ್ಲಿ ಯಾರಾದರೂ ಕೈ ಎತ್ತುತ್ತಾರೆಂದು ಏನು ನಂಬಿಕೆ? ನಮ್ಮೂರ ಕೆರೆಯಾದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಮನೆಗೆ ಬರಬಹುದು. ನೀನು ಬಂದು ಕರೆದುಕೊಂಡು ಹೋಗು. ಚಿಲಕ ಹಾಕುವುದಾದರೆ ಮಾತ್ರ ಬರಬೇಡ.

ಮಹಾಲಕ್ಷ್ಮಿ

*

ಹುತ್ರಿದುರ್ಗ
19-11-1979

ಲಕ್ಷ್ಮಿ,

ನಿನ್ನಲ್ಲಿಂದ ಅವ್ವನನ್ನು ಕರೆತಂದ ಮೇಲೆ ಎರಡು ಸಾಲು ಬರೆದಿದ್ದೆ, ತಲುಪಿತೋ ಇಲ್ಲವೋ. ಅವ್ವ ಆರೋಗ್ಯವಾಗಿದ್ದಾಳೆ. ಹೊರಗಿನ ಚಿಲಕವನ್ನು ಕಿತ್ತು ಹಾಕಿಸಿದೆ. ಬಾಗಿಲಲ್ಲಿ ಅದರ ಮೊಳೆಯ ತೂತುಗಳಿವೆ, ಮೇಣ ತುಂಬಿಸಬೇಕು.

ಈ ಸಲ ಇಲ್ಲಿ ಹಿಂಗಾರು ಚೆನ್ನಾಗಿ ಹಿಡಿಯಿತು. ಕೆರೆ ಮೊನ್ನೆ ಕೋಡಿ ಬಿತ್ತು. ಬೆಳಿಗ್ಗೆ ಅವ್ವ ಕಂಬಳಿ ಎತ್ತಿಕೊಂಡಾಗ ನಾನೂ ಗೋಣಿಕೊಪ್ಪೆ ಹಾಕಿಕೊಂಡು ಹೊರಟೆ. ಊರಿನ ಕೆಲವರು ಚಾವಡಿಯಲ್ಲಿ ಕೂತು ನೋಡುತ್ತಿದ್ದರು. ‘ಎಲ್ಲಿಗ್ಲಾ ಅಂಜಿನಪ್ಪ, ಅವ್ವುನ್ನ ಕರ್ಕೊಂಡು?’ ಎಂದು ವೆಂಕಟಯ್ಯ ಕೇಳಿದ. ಹೋದ ವರ್ಷವಾಗಿದ್ದರೆ ತಲೆ ತಗ್ಗಿಸುತ್ತಿದ್ದೆ. ‘ಅವಳು ನೀರ್ಗಂಟಿ ಮಗಳು. ಏರಿ ನೋಡಕ್ಕೆ ಹೊರಟವ್ಳೆ. ಅವಳೇ ನನ್ನ ಕರ್ಕೊಂಡ್ ಹೋಯ್ತಾವ್ಳೆ’ ಎಂದೆ. ಯಾರೂ ನಗಲಿಲ್ಲ.

ತೂಬಿನಿಂದ ಕೋಡಿಯವರೆಗೆ ನಡೆದೆವು. ನೀನು ಬರೆದಿದ್ದೆಯಲ್ಲ, ಹಾಗೆಯೇ ಕೋಲು ಚುಚ್ಚಿ ನೋಡುತ್ತಾ ನಡೆದಳು. ನೀರು ಕೋಡಿಯ ಕಲ್ಲಿನ ಮೇಲೆ ಹಾರಿ ಹೊರಗೆ ಹೋಗುತ್ತಿತ್ತು. ಅದನ್ನು ನೋಡಿ ‘ಹೋಯ್ತಾ ಅದೆ, ಹೋಯ್ತಾ ಅದೆ’ ಎಂದಳು. ಅವಳ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ಕಂಡಿರಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿದಳು. ಬಹಳ ಹೊತ್ತು ನೋಡಿದಳು.

‘ನೀನು ಯಾರ್ ಮಗನಪ್ಪಾ?’

‘ನಿಂಗಮ್ಮನ ಮಗ.’

‘ಯಾವ ನಿಂಗಮ್ಮ?’

ಏನು ಹೇಳಲಿ ಲಕ್ಷ್ಮಿ? ಮಳೆಯಲ್ಲಿ ಸುಮ್ಮನೆ ನಿಂತೆ. ಅವಳು ಸೆರಗಿನ ತುದಿಯಿಂದ ನನ್ನ ಮುಖ ಒರೆಸಿದಳು. ಆ ಸೆರಗೂ ನೆಂದಿತ್ತು.

‘ಯಾರ್ ಮಗನಾದ್ರೂ ಆಗ್ಲಿ ಬುಡು. ಹಿಂಗ್ ನೆನೆದ್ರೆ ಜ್ವರ ಬತ್ತದೆ. ನಾನಿದೀನಿ ಇಲ್ಲಿ, ನೋಡ್ಕೋತೀನಿ. ನೀನು ಮನೇಗೋಗಿ ಬಿಸಿಯಾಗಿ ಉಂಡು ಮನೀಕೊ.’

ಸರಿ ಎಂದೆ. ಹೋಗುವವನಂತೆ ಹೋಗಿ ಒಂದು ಹೊಂಗೆ ಮರದ ಮರೆಗೆ ನಿಂತೆ. ಅವಳು ಕಂಬಳಿ ಸರಿಮಾಡಿಕೊಂಡು ಏರಿಯ ಮೇಲೆ ಮನೆಯ ದಿಕ್ಕಿಗೇ ಹೊರಟಳು. ಸ್ವಲ್ಪ ಅಂತರ ಬಿಟ್ಟು, ಸದ್ದಾಗದ ಹಾಗೆ, ನಾನು ಹಿಂದೆ ನಡೆದೆ.

ಅಂಜಿನಪ್ಪ